ಕೆಲಸವಿಲ್ಲದವಳ ಊಟದ ಡಬ್ಬಿ

ದಾವಣಗೆರೆಯಿಂದ ಹರಿಹರಕ್ಕೆ ಎಂಟು ತಿಂಗಳು ನಾನು ದಿನಾ ರೈಲಿನಲ್ಲಿ ಹೋಗಿ ಬಂದೆ. ಹರಿಹರದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಕೆಲಸ ಇದ್ದವರ ಜೊತೆ ಓಡಾಡಿದರೆ ಕೆಲಸ ಸಿಗುತ್ತದೆ ಎಂದು ನಂಬಿ ತಿಂಗಳ ಪಾಸು ಮಾಡಿಸಿಕೊಂಡವಳು ನಾನು. ಈಗ ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಆಗ ನಮ್ಮ ಮನೆಯಲ್ಲಿ ಯಾರಿಗೂ ನಗು ಬಂದಿರಲಿಲ್ಲ.

ಅದು ತೊಂಬತ್ತೆಂಟನೇ ಇಸವಿ. ಬಿ.ಎಸ್ಸಿ. ಮುಗಿಸಿ, ಕೆ.ಬಿ. ಬಡಾವಣೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಿದ್ದೆ. ಕೆಳಗೆ ಔಷಧಿ ಅಂಗಡಿ, ಮಹಡಿಯ ಮೇಲೆ ಆರು ಕಂಪ್ಯೂಟರು, ಹನ್ನೆರಡು ವಿದ್ಯಾರ್ಥಿಗಳು. ಒಂದು ಯಂತ್ರಕ್ಕೆ ಇಬ್ಬರು. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಕೈಕಟ್ಟಿ ನೋಡಬೇಕು. ನನ್ನ ಜೋಡಿ ಸರಸ್ವತಿ ನಗರದ ಒಬ್ಬಳು ಹುಡುಗಿ. ಕರೆಂಟು ಹೋದಾಗ ನಾವಿಬ್ಬರೂ ಕಿಟಕಿಯ ಬಳಿ ಕೂತು ನೋಟ್‌ಬುಕ್ಕಿನಲ್ಲೇ ಫಾಕ್ಸ್‌ಪ್ರೊ ಪ್ರೋಗ್ರಾಮು ಬರೆಯುತ್ತಿದ್ದೆವು. ಕರೆಂಟು ಬಂದ ಮೇಲೆ ಅದನ್ನು ಟೈಪ್ ಮಾಡಿದರೆ ಹತ್ತಕ್ಕೆ ಎಂಟು ಸಲ ನನ್ನದು ಮೊದಲ ಏಟಿಗೇ ಓಡುತ್ತಿತ್ತು. ಜಂಬ ಅನ್ನಿಸಿದರೂ ಹೇಳುತ್ತೇನೆ, ಆ ವರ್ಷದ ತಂಡದಲ್ಲಿ ನಾನೇ ಚೆನ್ನಾಗಿ ಕಲಿತವಳು.

ಕೋರ್ಸು ಮುಗಿದ ದಿನ ನಮಗೆ ಪಾಠ ಹೇಳಿದ ಸರ್ ಒಂದು ಮಾತು ಹೇಳಿದರು. "ನೋಡ್ರಿ, ಪೇಪರಿನಾಗೆ ಜಾಹೀರಾತು ಬರೋ ಹೊತ್ತಿಗೆ ಆ ಕೆಲಸ ಯಾರಿಗೋ ಆಗಿಬಿಟ್ಟಿರ್ತೈತೆ. ಕಂಪ್ಯೂಟರ್ ಕೆಲಸ ಬಾಯಿಂದ ಬಾಯಿಗೆ ಹೋಗೋದು. ಒಳಗಿರೋರಿಗೆ ನಿಮ್ಮ ಮುಖ ಗೊತ್ತಿರಬೇಕು."

ಒಳಗಿರುವವರು ನಮಗೆ ಯಾರು ಗೊತ್ತು? ಆ ದಿನ ಸಂಜೆ ನಿಟ್ಟುವಳ್ಳಿಯ ನಮ್ಮ ಮನೆಯಲ್ಲಿ ಅವ್ವ ಬೆರಳು ಮಡಚಿ ನೆಂಟರನ್ನೆಲ್ಲ ನೆನೆಸಿಕೊಂಡಳು. ಸೋದರಮಾವ ಮಂಡಕ್ಕಿ ಭಟ್ಟಿಯಲ್ಲಿ, ಚಿಕ್ಕಪ್ಪ ದಲಾಲರ ಅಂಗಡಿಯಲ್ಲಿ, ದೊಡ್ಡಮ್ಮನ ಅಳಿಯ ಲಾರಿ ಆಫೀಸಿನಲ್ಲಿ. ಕಂಪ್ಯೂಟರು ಇರುವ ಕೋಣೆಯೊಳಗೆ ಕಾಲಿಟ್ಟವರು ನಮ್ಮ ಪೈಕಿ ಒಬ್ಬರೂ ಇರಲಿಲ್ಲ. ಒಂದು ಕೈಯ ಬೆರಳು ಮುಗಿಯುವ ಮೊದಲೇ ಅವ್ವ ಎದ್ದು ಹೊಲಿಗೆ ಯಂತ್ರದ ಮುಂದೆ ಕೂತಳು.

ಅಪ್ಪಾಜಿ ನಮ್ಮೂರಿನ ಒಂದು ಹತ್ತಿ ಮಿಲ್ಲಿನಲ್ಲಿ, ನೂಲು ತೆಗೆಯುವ ಖಾತೆಯಲ್ಲಿ, ಇಪ್ಪತ್ತೆರಡು ವರ್ಷ ದುಡಿದವರು. ಮಿಲ್ಲು ಬಾಗಿಲು ಹಾಕಿ ಆಗಲೇ ಮೂರು ವರ್ಷವಾಗಿತ್ತು. ಆದರೂ ದಿನಾ ಬೆಳಿಗ್ಗೆ ಅವ್ವ ಅವರಿಗೆ ಊಟದ ಡಬ್ಬಿ ಕಟ್ಟುತ್ತಿದ್ದಳು. ಅದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಅವರು ಹೊರಡುತ್ತಿದ್ದರು. ಓಣಿಯ ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯವರು ಬಾಗಿಲು ತೆಗೆಯುತ್ತಾ ದಿನಾ ಕೇಳುವರು, "ಏನ್ರಿ, ಹೊಂಟ್ರಾ ಡ್ಯೂಟಿಗೆ?" ಅಪ್ಪಾಜಿ ಪೆಡಲ್ಲು ನಿಲ್ಲಿಸದೆ, "ಹೂಂ, ಹೊಂಟ್ವಿ" ಅನ್ನುವರು. ಮಿಲ್ಲು ನಿಂತ ಮೇಲೆ ಅಪ್ಪಾಜಿಗೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸವಾಗಿದೆ ಎಂದು ಓಣಿಯವರೆಲ್ಲ ತಿಳಿದಿದ್ದರು. ಹಾಗೆಂದು ಅವರು ಯಾರಿಗೂ ಹೇಳಿರಲಿಲ್ಲ, ಡಬ್ಬಿಯೇ ಹೇಳಿತ್ತು. ಅವರು ಹೋಗಿ ಕೂರುತ್ತಿದ್ದದ್ದು ಮುಚ್ಚಿದ ಮಿಲ್ಲಿನ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ, ತಮ್ಮಂಥವರೇ ಹತ್ತಾರು ಜನರ ಜೊತೆ. ಎಂದಾದರೂ ಒಂದು ದಿನ ಮೂಟೆ ಎತ್ತುವ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮರದ ಕೆಳಗೇ ಊಟ. ಇದು ನನಗೂ ಅವ್ವನಿಗೂ ಗೊತ್ತಿತ್ತು. ಗೊತ್ತಿದೆ ಎಂದು ನಾವು ಯಾವತ್ತೂ ಬಾಯಿಬಿಟ್ಟು ಆಡಿರಲಿಲ್ಲ.

ಮೊದಲು ನಾನು ನೆಟ್ಟಗಿನ ದಾರಿಯನ್ನೇ ಹಿಡಿದೆ. ಅರ್ಜಿ ಬರೆದು, ಅಂಕಪಟ್ಟಿಯ ನಕಲು ಸೇರಿಸಿ, ಹರಿಹರದ ದೊಡ್ಡ ಕಾರ್ಖಾನೆಯ ಗೇಟಿಗೆ ಮೂರು ಸಲ ಹೋದೆ. ಮೂರು ಸಲವೂ ವಾಚ್‌ಮನ್ "ಇಲ್ಲಿಟ್ಟು ಹೋಗವ್ವ" ಎಂದು ತನ್ನ ಸ್ಟೂಲು ತೋರಿಸಿದ. ಮೂರನೆಯ ಸಲ ಹೋದಾಗ ಆ ಸ್ಟೂಲಿನ ಮೇಲೆ ಅವನ ಟೀ ಲೋಟದ ಕೆಳಗೆ ನನ್ನ ಎರಡನೆಯ ಅರ್ಜಿ ಇತ್ತು. ಮನೆಗೆ ಬಂದು ಅತ್ತೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಆಗ ಅಪ್ಪಾಜಿ ಈ ರೈಲಿನ ಉಪಾಯ ಹೇಳಿದರು.

"ಕಾರ್ಖಾನೆಯೋರು ಬೆಳಿಗ್ಗೆ ಒಂದೇ ಪ್ಯಾಸೆಂಜರಿನಾಗೆ ಹೋಗ್ತಾರೆ. ಗೇಟಿನಾಗೆ ವಾಚ್‌ಮನ್ ಅದಾನೆ. ರೈಲಿನಾಗೆ ಯಾವ ವಾಚ್‌ಮನ್ ಅದಾನೆ? ಅವರ ಪಕ್ಕ ಕೂಡು. ಮಾತಾಡು. ನಾಲ್ಕು ದಿನ ಮುಖ ನೋಡಿದ್ರೆ ಐದನೇ ದಿನ ಅವರೇ ಕೇಳ್ತಾರೆ."

"ಎಲ್ಲಿಗೆ ಹೊಂಟಿ ಅಂತ ಕೇಳಿದ್ರೆ ಏನಂತ ಹೇಳ್ಲಿ ಅಪ್ಪಾಜಿ?"

"ಬರಿಗೈಯಾಗೆ ಹೋಗಬ್ಯಾಡ. ಡಬ್ಬಿ ಹಿಡ್ಕೊಂಡು ಹೋಗು. ಕೆಲಸ ಇಲ್ದೋರಿಗೆ ಜನ ಕನಿಕರ ತೋರಿಸ್ತಾರೆ, ಕೆಲಸ ಕೊಡಲ್ಲ ಮಗಳೇ."

ಅವ್ವ ಮರುದಿನದಿಂದ ಎರಡು ಡಬ್ಬಿ ಕಟ್ಟಿದಳು. ಅಪ್ಪಾಜಿಯ ಡಬ್ಬಿ ಹ್ಯಾಂಡಲ್ಲಿನ ಎಡಕ್ಕೆ, ನನ್ನದು ಬಲಕ್ಕೆ, ನಾನು ಹಿಂದಿನ ಕ್ಯಾರಿಯರ್ ಮೇಲೆ. ಅಂಗಡಿಯವರು ಕೇಳಿದರು, "ಏನ್ರಿ, ಮಗಳೂ ಡ್ಯೂಟಿಗೆ ಹೊಂಟಂಗೈತೆ?" ಅಪ್ಪಾಜಿ "ಹೂಂ" ಅಂದರು. ಆ ಒಂದು ಹೂಂನಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ನನಗೆ ಸಂಕಟವಾಯಿತು.

ಆ ರೈಲಿನಲ್ಲಿ ಹೆಂಗಸರ ಗುಂಪೊಂದು ಯಾವಾಗಲೂ ಒಂದೇ ಬೋಗಿಯ ಒಂದೇ ಜಾಗದಲ್ಲಿ ಕೂರುತ್ತಿತ್ತು. ಟಿಕೆಟ್ಟಿನ ಮೇಲೆ ಸೀಟಿನ ನಂಬರು ಇಲ್ಲದಿದ್ದರೂ ಯಾರ ಜಾಗ ಯಾವುದು ಎಂಬುದು ಗೊತ್ತೇ ಇತ್ತು. ಕಿಟಕಿಯ ಪಕ್ಕ ಕಾರ್ಖಾನೆಯ ಕಂಪ್ಯೂಟರ್ ರೂಮಿನ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದರು. ಅವರ ಎದುರಿಗೆ ಹರಿಹರದ ಒಂದು ಆಸ್ಪತ್ರೆಯ ನರ್ಸು. ಮಿಕ್ಕವರಲ್ಲಿ ಶಾಲೆಯವರು, ಬ್ಯಾಂಕಿನವರು, ಕಾರ್ಖಾನೆಯ ಬೇರೆ ಬೇರೆ ಖಾತೆಯವರು. ಹೊಸಬರು ಬಾಗಿಲ ಬಳಿ ನಿಲ್ಲಬೇಕು; ಕೂರುವ ಜಾಗ ಕೇಳಿ ಪಡೆಯುವಂಥದ್ದಲ್ಲ, ಅವರಾಗಿ ಕೊಡುವಂಥದ್ದು. ಮೂರು ವಾರ ನಾನು ನಿಂತೇ ಹೋದೆ. ಇಪ್ಪತ್ತು ನಿಮಿಷದ ಹಾದಿ, ನಿಲ್ಲುವುದೇನೂ ಕಷ್ಟವಲ್ಲ. ಆದರೆ ಅವರ ಮಾತು ಕೇಳಿಸುತ್ತಾ, ಅವರು ಹಂಚಿಕೊಳ್ಳುವ ಚಟ್ನಿಪುಡಿಯ ವಾಸನೆ ಬರುತ್ತಾ, ಅವರಲ್ಲಿ ಒಬ್ಬಳಾಗದೆ ನಿಲ್ಲುವುದು ಕಷ್ಟವಾಗಿತ್ತು.

ನಾಲ್ಕನೆಯ ವಾರ ಅಕ್ಕ ಹೂ ಕಟ್ಟುತ್ತಿದ್ದವರು ತಲೆ ಎತ್ತಿ, "ಸ್ವಲ್ಪ ಸರ್ಕೊಳ್ರೇ, ಆ ಹುಡುಗಿ ದಿನಾ ನಿಂತೇ ಬರ್ತೈತೆ. ಬಾರವ್ವ, ಕೂಡು" ಅಂದರು. ಕೂತೆ. ಮೊದಲ ಪ್ರಶ್ನೆಯೇ ಅದು. "ಎಲ್ಲಿ ನಿನ್ನ ಕೆಲಸ?"

ನನ್ನ ಬಾಯಿಂದ ಬಂದದ್ದು, "ದೇವಸ್ಥಾನದ ಹತ್ರ."

"ಓ, ಅಲ್ಲಿ ಹೊಸ ಕಂಪ್ಯೂಟರ್ ಸೆಂಟರ್ ಆಗೈತಲ್ಲ, ಅಲ್ಲೇನು?" ಎಂದರು ನರ್ಸು, ನನ್ನ ಕೈಯಲ್ಲಿದ್ದ ಕಂಪ್ಯೂಟರ್ ಪುಸ್ತಕ ನೋಡಿ.

ನಾನು ಹೌದು ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ತೊಡೆಯ ಮೇಲಿನ ಡಬ್ಬಿಯನ್ನು ಸರಿಮಾಡಿಕೊಂಡೆ. ಅಷ್ಟಕ್ಕೇ ಆ ಮಾತು ಮುಗಿದುಹೋಯಿತು. ಎಂಟು ತಿಂಗಳು ಮತ್ತೆ ಯಾರೂ ಅದನ್ನು ಕೇಳಲಿಲ್ಲ. ಕೇಳದಿದ್ದದ್ದೇ ನನ್ನ ಕರ್ಮ ಎಂದು ಆಮೇಲೆ ತಿಳಿಯಿತು.

ಹರಿಹರದಲ್ಲಿ ಇಳಿದ ಮೇಲೆ ಕಾರ್ಖಾನೆಯವರು ಗುಂಪಾಗಿ ತಮ್ಮ ಬಸ್ಸಿನ ಕಡೆ, ಮಿಕ್ಕವರು ತಮ್ಮ ತಮ್ಮ ದಾರಿ ಹಿಡಿದು ಹೋಗುವರು. ನಾನು ಕೆಲಸಕ್ಕೆ ತಡವಾದವಳಂತೆ ಬಿರಬಿರನೆ ನಡೆದು ಊರೊಳಗೆ ಹೋಗುತ್ತಿದ್ದೆ. ಮೊದಮೊದಲು ಅಲ್ಲಿ ಇಲ್ಲಿ ಅರ್ಜಿ ಕೊಟ್ಟೆ. ಆ ಹೊಸ ಕಂಪ್ಯೂಟರ್ ಸೆಂಟರಿಗೂ ಹೋಗಿ ಕೇಳಿದೆ. ಅಲ್ಲಿ ಇದ್ದವರಿಗೇ ಸಂಬಳ ಸರಿಯಾಗಿ ಆಗುತ್ತಿರಲಿಲ್ಲ. ಆಮೇಲೆ ನೇರವಾಗಿ ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿ ಕೂರುವುದು ರೂಢಿಯಾಯಿತು. ಅಲ್ಲಿನ ಕಲ್ಲಿನ ಕಂಬಗಳು ಮುಖ ಕಾಣುವಷ್ಟು ನುಣುಪು. ಒಂದು ಕಂಬಕ್ಕೆ ಬೆನ್ನು ಕೊಟ್ಟು ಪುಸ್ತಕ ಓದುವುದು, ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಮು ಬರೆಯುವುದು, ಒಂದು ಗಂಟೆಗೆ ಹೊರಗೆ ಬಂದು ಕಟ್ಟೆಯ ಮೇಲೆ ಡಬ್ಬಿ ಬಿಚ್ಚುವುದು, ಮತ್ತೆ ಸಂಜೆಯ ರೈಲಿಗೆ ಕಾಯುವುದು. ಪೂಜಾರಿಯವರು ಒಂದು ತಿಂಗಳು ನೋಡಿ, ಇವಳಿಗೇನೋ ಹರಕೆ ಇರಬೇಕು ಎಂದುಕೊಂಡು, ಮಧ್ಯಾಹ್ನದ ಪ್ರಸಾದ ತಂದುಕೊಡತೊಡಗಿದರು. ಅವರಿಗೂ ನಾನು ಏನೂ ಹೇಳಲಿಲ್ಲ.

ಹೇಳಿಬಿಡಬಾರದಿತ್ತೇ ಎಂದು ಈಗ ಅನ್ನಿಸುತ್ತದೆ. ಆಗಲೂ ದಿನಾ ಅನ್ನಿಸುತ್ತಿತ್ತು. ಆದರೆ ಆ ಗುಂಪಿನಲ್ಲಿ ನನಗೆ ಸಿಕ್ಕಿದ್ದ ಜಾಗ ದುಡಿಯುವವಳ ಜಾಗ. ಅವರು ಮೇಲಿನವರನ್ನು ಬೈಯುವಾಗ ನಾನೂ ತಲೆಯಾಡಿಸುತ್ತಿದ್ದೆ. ಸಂಜೆ ಅವರು ಸುಸ್ತಾಯಿತು ಅಂದರೆ ನಾನೂ ಕಣ್ಣು ಮುಚ್ಚಿ ಒರಗುತ್ತಿದ್ದೆ. ಅಕ್ಕ ದಿನಾ ಒಂದು ಮೊಳ ಹೂವು ಕತ್ತರಿಸಿ ನನ್ನ ಜಡೆಗೂ ಮುಡಿಸುತ್ತಿದ್ದರು. ತಮ್ಮ ಕಂಪ್ಯೂಟರ್ ರೂಮಿನ ಸುದ್ದಿಯನ್ನು ನನಗೇ ಹೆಚ್ಚಾಗಿ ಹೇಳುವರು, ಯಾಕೆಂದರೆ ಉಳಿದವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಂತೆ. ಏಸಿಯ ಚಳಿಗೆ ಮೇ ತಿಂಗಳಲ್ಲೂ ಸ್ವೆಟರ್ ಬೇಕಂತೆ. ಪ್ರಿಂಟರು ಶುರುವಾದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲವಂತೆ. ಅವರು ಹೇಳುತ್ತಿದ್ದರೆ ಆ ರೂಮಿನ ಬಾಗಿಲಲ್ಲಿ ನನ್ನ ಚಪ್ಪಲಿ ಬಿಟ್ಟ ಹಾಗೇ ಆಗುತ್ತಿತ್ತು. ನನಗೆ ಬೇರೆ ಯಾವ ಕೆಲಸವೂ ಬೇಡವಾಗಿತ್ತು. ಅಲ್ಲೇ ಬೇಕಾಗಿತ್ತು.

ಅಪ್ಪಾಜಿ ಸಂಜೆ ಸ್ಟೇಷನ್ನಿಗೆ ಸೈಕಲ್ ತರುತ್ತಿದ್ದರು. ದಿನಾ ಒಂದೇ ಪ್ರಶ್ನೆ. "ಕೇಳಿದ್ರಾ?"

"ಇನ್ನೂ ಇಲ್ಲ ಅಪ್ಪಾಜಿ."

"ಕೇಳ್ತಾರೆ. ತಾಳು."

ಎಂಟನೆಯ ತಿಂಗಳಲ್ಲಿ ಕೇಳಿದರು.

ಒಂದು ಸೋಮವಾರ. ರೈಲು ದಾವಣಗೆರೆ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ. ಅಕ್ಕ ಹೂವಿನ ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ ನನ್ನ ಕಡೆ ತಿರುಗಿದರು. "ಅಲ್ಲವ್ವಾ, ನಮ್ಮ ರೂಮಿಗೆ ಒಬ್ರು ಬೇಕಾಗೈತೆ. ಎರಡು ಸಾವಿರದ ಇಸವಿ ಬಂದ್ರೆ ಹಳೇ ಪ್ರೋಗ್ರಾಮೆಲ್ಲ ತಾರೀಖು ತಪ್ಪು ತೋರಿಸ್ತಾವಂತೆ, ಒಂದೊಂದನ್ನೂ ಬಿಚ್ಚಿ ಸರಿಮಾಡಬೇಕು. ಫಾಕ್ಸ್‌ಪ್ರೊ ಚೆನ್ನಾಗಿ ಬರೋರು ಇದ್ರೆ ಹೇಳ್ರಿ ಅಂತ ಸಾಹೇಬ್ರು ನನ್ನನ್ನೇ ಕೇಳ್ಯಾರೆ. ಪೇಪರಿಗೆ ಹಾಕೋದಿಲ್ವಂತೆ. ನಾನು ಹೇಳಿದೋರಿಗೇ ಆಗ್ತೈತೆ."

ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಾತು ಮುಂದುವರಿಸಿದರು. "ನಿಂಗೆ ಹೆಂಗೂ ಕೆಲಸ ಐತೆ. ನಿನ್ನ ಜೊತೆ ಕಲ್ತೋರು ಯಾರಾದ್ರೂ ಸುಮ್ನೆ ಮನೇಲಿದ್ರೆ ಹೇಳು. ಪಾಪ, ಒಬ್ಬ ಹೆಣ್ಣುಮಗಳಿಗೆ ದಾರಿ ಆಗ್ಲಿ."

"ಪಾಪ, ಎಷ್ಟು ಹುಡುಗೀರು ಕಲ್ತು ಮನೇಲಿ ಕೂತಾರೆ" ಎಂದು ನರ್ಸು ದನಿಗೂಡಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ಆ ಪಾಪದ ಹುಡುಗಿ ನಾನೇ ಎಂದರೆ ಈ ಎಂಟು ತಿಂಗಳ ಹೂವು, ಚಟ್ನಿಪುಡಿ, ಸುಸ್ತಾದಂತೆ ಕಣ್ಣು ಮುಚ್ಚಿದ್ದು, ಎಲ್ಲವೂ ಒಮ್ಮೆಗೇ ಬಯಲಾಗುತ್ತದೆ. ತೊಡೆಯ ಮೇಲೆ ಡಬ್ಬಿ ಬೆಚ್ಚಗಿತ್ತು.

"ಒಬ್ಬಳಿದಾಳೆ ಅಕ್ಕಾ" ಎಂದೆ. ಸರಸ್ವತಿ ನಗರದ ನನ್ನ ಜೋಡಿಯ ಹೆಸರು ಹೇಳಿದೆ.

ಅಕ್ಕ ವಿಳಾಸ ಕೇಳಿದರು. ಚೀಲದಲ್ಲಿ ಇದ್ದದ್ದು ನನ್ನ ಅರ್ಜಿಗಳೇ. ಒಂದರ ಕೆಳಗಿನ ಖಾಲಿ ಭಾಗವನ್ನು ಚೀಲದೊಳಗೇ ಹರಿದು, ಅದರ ಮೇಲೆ ನನ್ನ ಕೈಯಾರೆ ಅವಳ ವಿಳಾಸ ಬರೆದುಕೊಟ್ಟೆ. ದಾರಿ ತಪ್ಪದಿರಲಿ ಎಂದು ಮನೆಯ ಗುರುತನ್ನೂ ಬರೆದೆ. ನಾನು ಎಂಥ ಮೂರ್ಖಳೆಂದರೆ, ಅವಳ ಕೆಲಸ ಹೇಗೆ ಎಂದು ಕೇಳಿದಾಗ, ಚೆನ್ನಾಗಿ ಮಾಡುತ್ತಾಳೆ ಎಂದೂ ಹೇಳಿದೆ. ಸುಳ್ಳಲ್ಲ. ಅವಳು ಚೆನ್ನಾಗಿಯೇ ಮಾಡುತ್ತಿದ್ದಳು.

ಆ ದಿನ ದೇವಸ್ಥಾನದಲ್ಲಿ ಪುಸ್ತಕ ತೆರೆಯಲಿಲ್ಲ. ಸಂಜೆ ಎಲ್ಲ ಹೇಳಿಬಿಡುತ್ತೇನೆ ಎಂದು ಕಂಬಕ್ಕೆ ಒರಗಿ ಮಾತು ಜೋಡಿಸಿದೆ. ಸಂಜೆಯ ರೈಲಿನಲ್ಲಿ ಅಕ್ಕ ಇರಲಿಲ್ಲ. ಬೇಗ ಬಿಟ್ಟು ಬಸ್ಸಿನಲ್ಲಿ ಹೋದರಂತೆ, ಸರಸ್ವತಿ ನಗರದಲ್ಲಿ ಯಾರನ್ನೋ ನೋಡಬೇಕಂತೆ.

ಮರುದಿನ ಬೆಳಿಗ್ಗೆಯೇ ಅಕ್ಕ, ಹುಡುಗಿ ಒಪ್ಪಿದಳು, ಸಾಹೇಬರಿಗೂ ಹೇಳಿ ಆಯಿತು ಎಂದರು. ಮುಂದಿನ ಸೋಮವಾರ ನನ್ನ ಗೆಳತಿ ಅದೇ ಬೋಗಿ ಹತ್ತಿದಳು. ಹೊಸ ಚಪ್ಪಲಿ, ಹೊಸ ವೈರ್ ಬ್ಯಾಗು. ಅವಳು ಒಂದು ದಿನವೂ ನಿಲ್ಲಲಿಲ್ಲ. ಅಕ್ಕನೇ ಕರೆದು ನನ್ನ ಪಕ್ಕ ಕೂರಿಸಿದರು. ಅವಳು ಬೇಕರಿಯಿಂದ ತಂದ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮೊದಲನೆಯದನ್ನು ನನ್ನ ಬಾಯಿಗೇ ಇಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. "ನಿನ್ನಿಂದಾನೇ ಕಣೆ. ನಮ್ಮಮ್ಮ ನಿನ್ನ ಹೆಸರು ಹೇಳಿ ದೀಪ ಹಚ್ಚಿದ್ರು" ಅಂದಳು. ಬಿಸ್ಕತ್ತು ನುಂಗಲು ನೀರು ಬೇಕಾಯಿತು. ಆಮೇಲೆ ಅವಳು ಕೇಳಿದಳು, "ನಿಮ್ಮ ಸೆಂಟರ್ ಎಲ್ಲಿ ಬರ್ತೈತೆ? ಶನಿವಾರ ಅರ್ಧ ದಿನ, ಬಂದು ನೋಡ್ತೀನಿ."

ಆ ಸಂಜೆ ಅಪ್ಪಾಜಿ "ಕೇಳಿದ್ರಾ?" ಎಂದಾಗ ನಾನು ಕ್ಯಾರಿಯರ್ ಹತ್ತಿ ಕೂತುಬಿಟ್ಟೆ. ಮನೆಗೆ ಬಂದು ಅವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಒಂದು ವಾರದ ಹಿಂದೆಯೇ ಕೇಳಿದ್ದರು, ನಾನು ಇನ್ನೊಬ್ಬಳ ಹೆಸರು ಕೊಟ್ಟೆ, ಅವಳಿಗೆ ಕೆಲಸವೂ ಆಯಿತು ಎಂದೆ. ಅವ್ವ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿದಳು. ನನ್ನನ್ನು ಬೈಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪಾಜಿಯನ್ನು ನೋಡಿ ಅಂದಳು, "ಇದು ನಿಮ್ಮ ಡಬ್ಬಿ ಕಲಿಸಿದ್ದು ನೋಡ್ರಿ."

ಇಷ್ಟು ವರ್ಷದಲ್ಲಿ ಆ ಡಬ್ಬಿಯ ವಿಷಯ ಮನೆಯಲ್ಲಿ ಆಡಿದ್ದು ಅದೇ ಮೊದಲು. ಅಪ್ಪಾಜಿ ಹೊರಗೆ ಹೋಗಿ ಜಗುಲಿಯ ಮೇಲೆ ಕೂತರು. ಊಟಕ್ಕೆ ಕರೆದರೂ ಬೇಗ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ಡಬ್ಬಿ ಇತ್ತು, ಅಪ್ಪಾಜಿಯದು. ನನ್ನದೆಲ್ಲಿ ಎಂದು ಕೇಳಿದೆ.

"ನಿಂಗಿಲ್ಲ ಇವತ್ತು" ಅಂದಳು ಅವ್ವ. "ಹಸಿವಾದ್ರಾದ್ರೂ ಬಾಯಿ ಬಿಡ್ತೀಯೇನೋ ನೋಡಾನ."

ಎಂಟು ತಿಂಗಳಲ್ಲಿ ಮೊದಲ ಸಲ ಬರಿಗೈಯಲ್ಲಿ ಆ ಬೋಗಿ ಹತ್ತಿದೆ. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅಕ್ಕ ಹೂ ಕಟ್ಟುತ್ತಿದ್ದರು. ಗೆಳತಿ ಸರಿದು ಜಾಗ ಬಿಟ್ಟಳು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

"ಅಕ್ಕಾ, ನಂಗೆ ಕೆಲಸ ಇಲ್ಲ" ಎಂದೆ. ದನಿ ಬೇರೆ ಯಾರದೋ ಇದ್ದಂತಿತ್ತು. "ಯಾವ ಸೆಂಟರಿನಾಗೂ ಇಲ್ಲ. ಎಂಟು ತಿಂಗಳಿಂದ ದೇವಸ್ಥಾನದಾಗೆ ಕೂತು ವಾಪಸ್ ಹೋಗ್ತಿದೀನಿ. ನಿಮ್ಮ ಜೊತೆ ಓಡಾಡಿದ್ರೆ ಯಾರಾದ್ರೂ ಕೆಲಸ ಹೇಳ್ತಾರೆ ಅಂತ ಬರ್ತಿದ್ದೆ. ನಂಗೊಂದು ಕೆಲಸ ಬೇಕು."

ಅಕ್ಕನ ಬೆರಳು ದಾರದ ಮೇಲೆ ನಿಂತವು. "ಆವತ್ತು ಕೇಳಿದೆನಲ್ಲ ನಿನ್ನ?"

"ಕೇಳಿದ್ರಿ."

"ಆವತ್ತು ಹೇಳಿದ್ರೆ ಆ ಕುರ್ಚಿ ನಿಂದು. ಸಾಹೇಬ್ರ ಮುಂದೆ ನಾನೇ ಕರ್ಕೊಂಡು ಹೋಗಿ ಕೂಡ್ರಿಸ್ತಿದ್ದೆ." ಅವರ ಮುಖ ಕೆಂಪಾಯಿತು. "ಎಂಟು ತಿಂಗಳು ನಿನ್ನ ತಲೆಗೆ ಹೂ ಮುಡಿಸಿದೀನಿ. ಕೆಲಸ ಇಲ್ದಿದ್ರೆ ಮುಡಿಸ್ತಿರಲಿಲ್ಲ ಅಂದ್ಕೊಂಡ್ಯಾ? ನನ್ನ ಏನಂತ ತಿಳ್ಕೊಂಡಿದ್ದಿ ನೀನು?" ಎಂದವರು ಕಿಟಕಿಯ ಕಡೆ ತಿರುಗಿಬಿಟ್ಟರು. ನಾನು ಅಲ್ಲಿಯವರೆಗೆ ನನ್ನ ನಾಚಿಕೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ಅವರಿಗೆ ನೋವಾಗಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಗೆಳತಿ ಎದ್ದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ನಾನು ಬಿಡ್ತೀನಿ ಅಕ್ಕಾ. ಅದು ಇವಳದ್ದು. ನನಗಿಂತ ಇವಳಿಗೇ ಚೆನ್ನಾಗಿ ಬರ್ತೈತೆ."

"ಬ್ಯಾಡ" ಎಂದೆ. ಆ ಒಂದು ಮಾತನ್ನು ಮಾತ್ರ ನಾನು ಆ ವರ್ಷ ತಡವರಿಸದೆ ಆಡಿದ್ದೇನೆ. ಅವಳ ಮನೆಯಲ್ಲಿ ದೀಪ ಹಚ್ಚಿದ್ದರು. ಅದನ್ನು ಆರಿಸಿ ನಾನು ಯಾವ ಕುರ್ಚಿಯ ಮೇಲೆ ಕೂರಲಿ?

ನರ್ಸು ನನ್ನ ಕಡೆ ಬಾಗಿ ಕೇಳಿದರು, "ಏನೇನು ಬರ್ತೈತೆ ನಿಂಗೆ?"

ಎಂಟು ತಿಂಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೆಲಸ ಇದ್ದವಳನ್ನು ಯಾಕೆ ಕೇಳುತ್ತಾರೆ? ನಿಂತುಕೊಂಡೇ ಹೇಳಿದೆ. ಟೈಪಿಂಗಿನಿಂದ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಪ್ರೋಗ್ರಾಮಿನವರೆಗೆ ಒಂದೂ ಬಿಡದೆ ಹೇಳಿದೆ. ನರ್ಸು, ತಮ್ಮ ಆಸ್ಪತ್ರೆಗೆ ಕಂಪ್ಯೂಟರ್ ಬಂದು ಎರಡು ತಿಂಗಳಾಯಿತು, ರೋಗಿಗಳ ಚೀಟಿಯನ್ನೆಲ್ಲ ಅದರೊಳಗೆ ಹಾಕಬೇಕಂತೆ, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ ಎಂದರು. ಶಾಲೆಯವರೊಬ್ಬರು ತಮ್ಮ ತಮ್ಮನ ಕಾಲೇಜಿನ ಲ್ಯಾಬಿನ ಹೆಸರು ಹೇಳಿದರು. ಬ್ಯಾಂಕಿನವರು ಇನ್ನೆರಡು ಹೇಳಿದರು. ಯಾರೋ ಪೆನ್ನು ಕೊಟ್ಟರು, ಯಾರೋ ಬಸ್ಸಿನ ಟಿಕೆಟ್ಟು ಕೊಟ್ಟರು, ಅದರ ಬೆನ್ನಿಗೆ ಬರೆದುಕೊಂಡೆ. ಹರಿಹರ ಬರುವಷ್ಟರಲ್ಲಿ ನನ್ನ ಮುಷ್ಟಿಯಲ್ಲಿ ನಾಲ್ಕು ವಿಳಾಸಗಳಿದ್ದವು. ನಮ್ಮ ಸರ್ ಹೇಳಿದ್ದು ಸರಿಯಾಗಿಯೇ ಇತ್ತು, ಕೆಲಸ ಬಾಯಿಂದ ಬಾಯಿಗೇ ಹೋಗುತ್ತಿತ್ತು; ನನ್ನ ಬಾಯೊಂದು ಮಾತ್ರ ಮುಚ್ಚಿತ್ತು.

ಅಕ್ಕ ನನ್ನ ಕಡೆ ತಿರುಗದೆ ಇಳಿದು ಹೋದರು. ಗೆಳತಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ತನ್ನ ಡಬ್ಬಿ ಬಿಚ್ಚಿ, ಎರಡು ಜೋಳದ ರೊಟ್ಟಿಯಲ್ಲಿ ಒಂದನ್ನು ಶೇಂಗಾ ಚಟ್ನಿ ಹಚ್ಚಿ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಇಟ್ಟಳು. "ಡಬ್ಬಿ ತಂದಿಲ್ಲ ನೀನು" ಎಂದಷ್ಟೇ ಹೇಳಿ ಬಸ್ಸಿನ ಕಡೆ ಓಡಿದಳು.

ಎರಡು ತಿಂಗಳ ನಂತರ ನನಗೆ ಆ ಆಸ್ಪತ್ರೆಯಲ್ಲಿ ಕೆಲಸವಾಯಿತು. ಒಂದೇ ಕಂಪ್ಯೂಟರು, ಏಸಿ ಇಲ್ಲ, ಔಷಧಿ ಬೀರುಗಳ ನಡುವೆ ಒಂದು ಮೇಜು. ಅಲ್ಲಿ ಒಂಬತ್ತು ವರ್ಷ ಇದ್ದೆ. ಅಕ್ಕ ಮತ್ತೆ ಮಾತಾಡಲು ಒಂದೂವರೆ ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಸುಮ್ಮನೆ ಹೂವು ಕತ್ತರಿಸಿ ಚಾಚಿದರು. ಆ ಏಸಿ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಭಾಗ್ಯ ಮಾತ್ರ ನನಗೆ ಕೊನೆಗೂ ಬರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಇನ್ನೊಂದು ಇದೆ.

ರೈಲಿನಲ್ಲಿ ಎಲ್ಲವನ್ನೂ ಹೇಳಿಬಂದ ಆ ಸಂಜೆ ಅಪ್ಪಾಜಿ ಸ್ಟೇಷನ್ನಿಗೆ ಬಂದಿದ್ದರು. "ಕೇಳಿದ್ರಾ?" ಎಂದು ಕೇಳಲಿಲ್ಲ. ನಾನೇ ಹೇಳಿದೆ. ಸೈಕಲ್ ತಳ್ಳಿಕೊಂಡು ನಡೆಯುತ್ತಾ ಕೇಳಿಸಿಕೊಂಡರು.

"ಎಲ್ಲರ ಮುಂದೂ ಹೇಳಿದ್ಯಾ?"

"ಹೂಂ."

"ನಕ್ರಾ?"

"ಇಲ್ಲ ಅಪ್ಪಾಜಿ. ಒಬ್ರು ಬೈದ್ರು. ಮಿಕ್ಕೋರು ವಿಳಾಸ ಕೊಟ್ರು."

ನಿಟ್ಟುವಳ್ಳಿ ಬರುವವರೆಗೂ ಅವರು ಸೈಕಲ್ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಎರಡೂ ಡಬ್ಬಿ ಕಟ್ಟಿದ್ದಳು. ನಾನು ನಾಲ್ಕು ವಿಳಾಸ ಹಿಡಿದು ಅಲೆಯಬೇಕಿತ್ತಲ್ಲ. ಅಪ್ಪಾಜಿ ನನ್ನ ಡಬ್ಬಿಯನ್ನು ಹ್ಯಾಂಡಲ್ಲಿನ ಬಲಕ್ಕೆ ಸಿಕ್ಕಿಸಿದರು. ತಮ್ಮದನ್ನು ಎತ್ತಿಕೊಂಡು ಒಂದು ಕ್ಷಣ ನಿಂತು, ಒಳಗೆ ಹೋಗಿ ಕಟ್ಟೆಯ ಮೇಲೆ ಇಟ್ಟು ಬಂದರು.

"ಯಾಕ, ಊಟ ಬ್ಯಾಡೇನು?" ಎಂದಳು ಅವ್ವ.

"ಮಧ್ಯಾಹ್ನ ಮನೆಗೇ ಬರ್ತೀನಿ."

ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಕ್ಯಾರಿಯರ್ ಮೇಲೆ ಕೂತೆ. ಓಣಿಯ ಮೂಲೆಯಲ್ಲಿ ಅಂಗಡಿಯವರು ಎಂದಿನಂತೆ ಬಾಗಿಲು ತೆಗೆಯುತ್ತಾ ಕೇಳಿದರು, "ಏನ್ರಿ, ಹೊಂಟ್ರಾ ಡ್ಯೂಟಿಗೆ?"

ಅಪ್ಪಾಜಿ ಬ್ರೇಕ್ ಹಿಡಿದರು. ಒಂದು ಕಾಲನ್ನು ನೆಲಕ್ಕೆ ಊರಿದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಂಗಿ ಇಸ್ತ್ರಿ ಮಾಡಿದ್ದೇ ಇತ್ತು.

"ಇಲ್ರಿ" ಅಂದರು. "ಮಿಲ್ ಮುಚ್ಚಿದಾಗಿಂದ ನಂಗೆ ಕೆಲಸ ಇಲ್ಲ. ಎಲ್ಲಾದ್ರೂ ಇದ್ರೆ ಹೇಳ್ರಿ."